ಮಿಸ್ಸಿಂಗ್ ಎಲ್ಲಿದೆ? – ಒಂದು ನೈದಾನಿಕ ಪರೀಕ್ಷೆಯ ಅನುಭವ

ಗಾಡಿ ಓಡುವಾಗ ಏನೂ ತೊಂದರೆಯಿಲ್ಲ, ನಿಂತಾಗ ನಡುಗುತ್ತದೆ. ನನ್ನ ಕಾಕಾನ ಹಳೆಯ ವ್ಯಾನಿನ ದೂರು ಇಷ್ಟೇ. ಮೂರು ಸಿಲಿಂಡರಿನ, ಕಾರ್ಬ್ಯುರೇಟರ್ ಇರುವ ಪೆಟ್ರೋಲ್ ಗಾಡಿ. ಗೇರ್ ತೆಗೆದು ನಿಲ್ಲಿಸಿದರೆ ಸ್ಟೇರಿಂಗ್ ಹಿಡಿದ ಕೈ ಕೂಡ ಅಲುಗುತ್ತಿತ್ತು. ಎಕ್ಸಲೇಟರ್ ತುಳಿದರೆ ಎಲ್ಲ ಸರಿ. ಬೇರೆ ಊರಿನ ಗ್ಯಾರೇಜೊಂದರಲ್ಲಿ ಎರಡು ಸಲ ಕಾರ್ಬ್ಯುರೇಟರ್ ಬಿಚ್ಚಿಸಿ, ಪ್ಲಗ್ ಬದಲಿಸಿ, ಟೈಮಿಂಗ್ ಹೊಂದಿಸಿ ತಂದಿದ್ದರು. ಆಗ ನಡುಕ ಸ್ವಲ್ಪ ತಗ್ಗಿತ್ತು. ಆದರೆ ಯಲ್ಲಮ್ಮನ ಗುಡ್ಡದ ಏರಿನಲ್ಲಿ ಎಂಜಿನ್ನಿನೊಳಗಿಂದ ಟಿಣ್ ಟಿಣ್ ಎಂಬ ಹೊಸ ಸದ್ದೊಂದು ಸೇರಿಕೊಂಡಿತ್ತು. ಬನದ ಹುಣ್ಣಿಮೆ ಹತ್ತಿರವಿತ್ತು. ಬೀಗರನ್ನೆಲ್ಲ ತುಂಬಿಕೊಂಡು ಗುಡ್ಡ ಏರಬೇಕಾದ ಗಾಡಿ ಅದು.

ಬಿ.ಇಡಿ. ಇಂಟರ್ನ್‌ಶಿಪ್‌ಗೆ ಮನೋಳಿಯ ಪ್ರೌಢಶಾಲೆಯೊಂದು ಸಿಕ್ಕಿದ್ದರಿಂದ ನಾನು ಕಾಕಾನ ಮನೆಯಲ್ಲಿಯೇ ಉಳಿದಿದ್ದೆ. (ದಾಖಲೆಯಲ್ಲಿ ಊರಿನ ಹೆಸರು ಮುನವಳ್ಳಿ, ಬಾಯಲ್ಲಿ ಮನೋಳಿ.) ಅದೇ ವಾರ ಮಾರ್ಗದರ್ಶಿ ಶಿಕ್ಷಕರು ನನ್ನ ಕೈಗೆ ಒಂಬತ್ತು ಹೆಸರುಗಳ ಪಟ್ಟಿ ಕೊಟ್ಟಿದ್ದರು. ಹತ್ತನೆಯ ತರಗತಿಯ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ಘಟಕ ಪರೀಕ್ಷೆಯಲ್ಲಿ ಸಮೀಕರಣ ಸರಿದೂಗಿಸುವ ಪ್ರಶ್ನೆಗಳಿಗೆ ಸೊನ್ನೆ ಪಡೆದವರು ಇವರು. ಇವರ ಮೇಲೆ ನೈದಾನಿಕ ಪರೀಕ್ಷೆ, ಆಮೇಲೆ ಪರಿಹಾರ ಬೋಧನೆ, ಕೊನೆಗೆ ದಾಖಲೆ ಪುಸ್ತಕ. ನಾವೆಲ್ಲರೂ ಬರೆಯುವ ದಾಖಲೆಯೇ. ಅದರಲ್ಲಿ ‘ದೋಷ’ ಎಂಬ ಕಾಲಂ ಆದ ಮೇಲೆ ‘ಕಾರಣ’ ಎಂಬ ಕಾಲಂ ಬರುತ್ತದೆ. ಹಿಂದಿನ ವರ್ಷಗಳ ಹತ್ತಾರು ದಾಖಲೆಗಳನ್ನು ತಿರುವಿ ನೋಡಿದ್ದೇನೆ. ಆ ಕಾಲಮ್ಮಿನಲ್ಲಿ ಹೆಚ್ಚಾಗಿ ಮೂರೇ ಉತ್ತರ: ಅಭ್ಯಾಸದ ಕೊರತೆ, ಆಸಕ್ತಿಯ ಕೊರತೆ, ಮನೆಯ ವಾತಾವರಣ. ಯಾವ ಮಗುವಿನ ಮುಂದೆ ಬರೆದರೂ ಇವು ಸುಳ್ಳಾಗುವುದಿಲ್ಲ, ಆದ್ದರಿಂದಲೇ ಯಾವ ಮಗುವಿನ ವಿಷಯದಲ್ಲೂ ಉಪಯೋಗಕ್ಕೆ ಬರುವುದಿಲ್ಲ.

ಭಾನುವಾರ ಕಾಕಾನ ಜೊತೆ ಮನೋಳಿಯ ಗ್ಯಾರೇಜಿಗೆ ಹೋದೆ. ತಗಡಿನ ಚಪ್ಪರ, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ತೂಗುಹಾಕಿದ ಬೆಲ್ಟುಗಳು. ಮಿಸ್ತ್ರಿ ಮೊದಲು ಪಾನಾ ಕೈಗೆ ತೆಗೆದುಕೊಳ್ಳಲಿಲ್ಲ. ಗಾಡಿ ಚಾಲೂ ಮಾಡಿಸಿ, ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೆ ಒಂದು ಹಾಳೆ ಹಿಡಿದು ನಿಂತರು. ಹಾಳೆ ಒಂದೇ ಸಮನೆ ಪಟಪಟಿಸುವ ಬದಲು ನಡುನಡುವೆ ಒಂದು ಬಡಿತ ಬಿಡುತ್ತಿತ್ತು.

“ಮಿಸ್ಸಿಂಗ್ ಐತಿ,” ಅಂದರು.

“ನಿಂತಾಗ ಅಷ್ಟ ಐತ್ರಿ ಮಿಸ್ತ್ರಿ, ಓಡೂವಾಗ ಚೊಲೋ ಐತಿ,” ಎಂದರು ಕಾಕಾ.

“ಓಡೂವಾಗ ಚೊಲೋ ಐತಿ ಅಂತ ಅಲ್ರಿ, ಓಡೂವಾಗ ಗೊತ್ತಾಗಂಗಿಲ್ಲ, ಅಷ್ಟ.”

ಈ ಮಾತಿನ ಹಿಂದಿನ ವಿಜ್ಞಾನವನ್ನು ಸ್ವಲ್ಪ ಬಿಡಿಸುತ್ತೇನೆ. ವಿಜ್ಞಾನ ಬೋಧಿಸುವ ಗೆಳೆಯರಿಗೆ ತರಗತಿಯಲ್ಲಿ ಉಪಯೋಗವಾದೀತು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರು ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ನಿಂತಾಗ ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ ಸೆಕೆಂಡಿಗೆ 15 ಸುತ್ತು. ಒಂದು ಸಿಲಿಂಡರಿಗೆ ಏಳೂವರೆ ಉರಿ, ಮೂರಕ್ಕೂ ಸೇರಿ ಇಪ್ಪತ್ತೆರಡೂವರೆ. ಅದರಲ್ಲಿ ಮೂರನೆಯ ಒಂದು ಪಾಲು ತಪ್ಪಿದರೆ ಕೈಗೆ ನಡುಕ ತಿಳಿಯುತ್ತದೆ. ಇನ್ನು ಗಾಳಿಯ ಲೆಕ್ಕ. ಪೆಟ್ರೋಲನ್ನು ಆಕ್ಟೇನ್ ಎಂದುಕೊಂಡು ಸಮೀಕರಣ ಸರಿದೂಗಿಸಿದರೆ 2 ಅಣು ಆಕ್ಟೇನ್‌ಗೆ 25 ಅಣು ಆಕ್ಸಿಜನ್ ಬೇಕು. ತೂಕಕ್ಕೆ ಇಳಿಸಿದರೆ 228 ಗ್ರಾಂ ಇಂಧನಕ್ಕೆ 800 ಗ್ರಾಂ ಆಕ್ಸಿಜನ್. ಗಾಳಿಯ ತೂಕದಲ್ಲಿ ಆಕ್ಸಿಜನ್ ಶೇಕಡಾ 23ರಷ್ಟಿರುವುದರಿಂದ ಒಂದು ಗ್ರಾಂ ಇಂಧನಕ್ಕೆ ಸುಮಾರು 15 ಗ್ರಾಂ ಗಾಳಿ. ಹಲವು ಹೈಡ್ರೋಕಾರ್ಬನ್ನುಗಳ ಮಿಶ್ರಣವಾದ ನಿಜವಾದ ಪೆಟ್ರೋಲಿಗೆ ಎಂಜಿನಿಯರುಗಳು ಇಟ್ಟುಕೊಳ್ಳುವ ಸಂಖ್ಯೆ 14.7. ಮಕ್ಕಳು ಬೇಸರದಿಂದ ಮಾಡುವ ಸರಿದೂಗಿಸುವ ಲೆಕ್ಕವೇ ಕಾರ್ಬ್ಯುರೇಟರಿನ ರಂಧ್ರದ ಅಳತೆಯನ್ನು ನಿರ್ಧರಿಸುತ್ತದೆ ಎಂದು ಹೇಳಿದಾಗ ತರಗತಿಯಲ್ಲಿ ನಾಲ್ಕಾರು ತಲೆಗಳಾದರೂ ಮೇಲೆದ್ದವು.

ಮಿಸ್ತ್ರಿ ಮುಂದೆ ಮಾಡಿದ್ದು ಇದು. ಒಣ ಬಟ್ಟೆ ಸುತ್ತಿದ ಇಕ್ಕಳದಿಂದ ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಿದರು. ಒಂದನೆಯದನ್ನು ಕಿತ್ತಾಗ ಎಂಜಿನ್ ಇನ್ನಷ್ಟು ಕುಸಿಯಿತು. ಮೂರನೆಯದಕ್ಕೂ ಹಾಗೆಯೇ. ಎರಡನೆಯದನ್ನು ಕಿತ್ತಾಗ ಏನೂ ವ್ಯತ್ಯಾಸವಿಲ್ಲ. ಅಂದರೆ ಎರಡನೆಯ ಸಿಲಿಂಡರು ಮೊದಲೇ ದುಡಿಯುತ್ತಿರಲಿಲ್ಲ. (ಇದನ್ನು ಯಾರೂ ಶಾಲೆಯಲ್ಲಿ ಮಾಡಿ ತೋರಿಸಲು ಹೋಗಬೇಡಿ. ಆ ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.) ಹೊಸ ಗಾಡಿಗಳಲ್ಲಿ ಇಷ್ಟು ತಿಳಿಯಲು ಸ್ಕ್ಯಾನರ್ ಸಾಕು, ‘ಪಿ0302’ ಎಂದು ತೋರಿಸಿದರೆ ಎರಡನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂದೇ ಅರ್ಥ. ಯಾಕೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ನಮ್ಮ ಘಟಕ ಪರೀಕ್ಷೆಯ ಅಂಕಪಟ್ಟಿಯೂ ಅಷ್ಟನ್ನೇ ಮಾಡುತ್ತದೆ.

ಯಾಕೆ ಎಂಬುದಕ್ಕೆ ಮಿಸ್ತ್ರಿ ಅದಲುಬದಲು ಶುರುಮಾಡಿದರು. ಎರಡನೆಯ ಪ್ಲಗ್ಗನ್ನು ಒಂದಕ್ಕೆ ಹಾಕಿ, ಒಂದನೆಯದನ್ನು ಎರಡಕ್ಕೆ ಹಾಕಿದರು. ಮಿಸ್ಸಿಂಗ್ ಪ್ಲಗ್ಗಿನ ಜೊತೆ ಹೋಗಲಿಲ್ಲ, ಎರಡರಲ್ಲೇ ಉಳಿಯಿತು. ಹಾಗಾದರೆ ಪ್ಲಗ್ ನಿರಪರಾಧಿ. ಆಮೇಲೆ ವೈರು. ಅದೂ ನಿರಪರಾಧಿ. ನಾನು ಪ್ಲಗ್ಗನ್ನೂ ವೈರನ್ನೂ ಒಟ್ಟಿಗೇ ಬದಲಿಸಿದರೆ ಸಮಯ ಉಳಿಯುವುದಿಲ್ಲವೇ ಎಂದು ಕೇಳಿದೆ.

“ಮಾಸ್ತರ, ಒಂದ ಸಲಕ್ಕ ಒಂದ ಬದಲಿ. ಎರಡು ಮಾಡಿದ್ರ ಯಾವದ್ರಿಂದ ಚೊಲೋ ಆತು ಅನ್ನೂದು ಆ ಯಲ್ಲವ್ವಗೂ ತಿಳಿಯಂಗಿಲ್ಲ.”

ಚರಾಂಶಗಳ ನಿಯಂತ್ರಣದ ಬಗ್ಗೆ ನಾನು ಪದವಿಯಲ್ಲಿ ಓದಿದ್ದೇನೆ, ಬಿ.ಇಡಿ.ಯಲ್ಲಿ ಸಂಶೋಧನಾ ವಿಧಾನ ಎಂದು ಮತ್ತೆ ಓದಿದ್ದೇನೆ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಬಿಚ್ಚಿದ ಪ್ಲಗ್ಗುಗಳನ್ನು ಅವರು ಬಾನೆಟ್ಟಿನ ಅಂಚಿನಲ್ಲಿ ಸಾಲಾಗಿ ಇಟ್ಟಿದ್ದರು. ಒಂದು ಮತ್ತು ಮೂರರಿಂದ ಬಂದವು ಮಸಿ ಹಿಡಿದು ಕಪ್ಪು, ಎರಡರದ್ದು ಬಿಳಿಚಿಕೊಂಡದ್ದು. ಆರೋಗ್ಯವಂತ ಪ್ಲಗ್ ಚಹಾದ ಬಣ್ಣಕ್ಕಿರಬೇಕಂತೆ. ಕಪ್ಪಾದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಬಿಳಿಚಿದರೆ ಗಾಳಿ ಹೆಚ್ಚು. ಒಂದೇ ಕಾರ್ಬ್ಯುರೇಟರಿನಿಂದ ಹೊರಟ ಮಿಶ್ರಣ ಎರಡು ಕಡೆ ದಪ್ಪವಾಗಿ, ಒಂದು ಕಡೆ ತೆಳುವಾಗಿ ತಲುಪುವುದು ಹೇಗೆ? ದಾರಿಯಲ್ಲಿ ಎಲ್ಲೋ ಹೊರಗಿನ ಗಾಳಿ ಸೇರುತ್ತಿದ್ದರೆ ಮಾತ್ರ. ಮಿಸ್ತ್ರಿ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಹಿಸುಕಿ ನೋಡಿದರು, ಬದಲಾವಣೆಯಿಲ್ಲ. ಆಮೇಲೆ ಎಣ್ಣೆ ಡಬ್ಬಿಯಿಂದ ಮ್ಯಾನಿಫೋಲ್ಡು ಎಂಜಿನ್ನಿಗೆ ಕೂಡುವ ಸಂದಿಗೆ ನಾಲ್ಕು ಹನಿ ಬಿಟ್ಟರು. ಎರಡನೆಯ ಸಿಲಿಂಡರಿನ ಬಾಯಿಯ ಹತ್ತಿರ ಹನಿ ಬಿದ್ದಾಗ ಎಂಜಿನ್ ಒಂದೆರಡು ಕ್ಷಣ ನಡುಕ ಬಿಟ್ಟು ಸುಮ್ಮನಾಯಿತು. ಎಣ್ಣೆಯನ್ನು ಒಳಗೆ ಎಳೆದುಕೊಂಡ ಮೇಲೆ ಮತ್ತೆ ನಡುಗಿತು. ಅಲ್ಲಿನ ಪ್ಯಾಕಿಂಗ್ ಒಣಗಿ ಸೀಳಿತ್ತು.

ನಿಂತಾಗ ಮಾತ್ರ ಯಾಕೆ? ನಿಂತಾಗ ಕಾರ್ಬ್ಯುರೇಟರಿನ ಬಾಯಿ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಮ್ಯಾನಿಫೋಲ್ಡಿನೊಳಗೆ ಒತ್ತಡ ಬಹಳ ಕಡಿಮೆ. ಹೊರಗಿನ ಗಾಳಿ ಸೀಳಿನಿಂದ ಜೋರಾಗಿ ನುಗ್ಗುತ್ತದೆ. ಸರಿಯಾದ ದಾರಿಯಲ್ಲಿ ಬರುವ ಗಾಳಿಯೇ ಸ್ವಲ್ಪವಿರುವಾಗ ಈ ಕಳ್ಳಗಾಳಿಯ ಪಾಲು ದೊಡ್ಡದು. ಎಕ್ಸಲೇಟರ್ ತುಳಿದಾಗ ಬಾಯಿ ತೆರೆಯುತ್ತದೆ, ಒಳ ಒತ್ತಡ ಏರುತ್ತದೆ, ಕಳ್ಳಗಾಳಿ ಲೆಕ್ಕಕ್ಕೇ ಬರುವುದಿಲ್ಲ.

ಗುಡ್ಡದ ಏರಿನ ಟಿಣ್ ಟಿಣ್ ಸದ್ದು? ಅದು ನನಗೆ ಹೆಚ್ಚು ಕುತೂಹಲದ್ದಾಗಿ ಕಂಡಿತು. ಕಿಡಿ ಹೊತ್ತಿದ ಮೇಲೆ ಮಿಶ್ರಣವೆಲ್ಲ ಉರಿಯಲು ಸಮಯ ಬೇಕು. ಹಾಗಾಗಿ ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಕಿಡಿ ಬರಬೇಕು. ನಿಮಿಷಕ್ಕೆ 900 ಸುತ್ತಿನಲ್ಲಿ 10 ಡಿಗ್ರಿ ಎಂದರೆ ಸೆಕೆಂಡಿನ ಸಾವಿರದ ಎರಡು ಪಾಲಿಗೂ ಸ್ವಲ್ಪ ಕಡಿಮೆ. 3000 ಸುತ್ತಿನಲ್ಲಿ ಅದೇ 10 ಡಿಗ್ರಿಗೆ ಸಿಗುವುದು ಸಾವಿರದ ಅರ್ಧ ಪಾಲಿಗಿಂತ ತುಸು ಹೆಚ್ಚು. ವೇಗ ಏರಿದಂತೆ ಕಿಡಿಯೂ ಮುಂಚೆ ಬರಬೇಕೆಂದೇ ಡಿಸ್ಟ್ರಿಬ್ಯೂಟರಿನೊಳಗೆ ತಿರುಗಿದಂತೆ ಅಗಲವಾಗುವ ಎರಡು ತೂಕಗಳಿರುತ್ತವೆ. ಹಿಂದೆ ರಿಪೇರಿ ಮಾಡಿದವರು ಕಿಡಿಯನ್ನು ಇನ್ನೂ ಮುಂದಕ್ಕೆ ತಂದಿದ್ದರು, ಜೊತೆಗೆ ಪೆಟ್ರೋಲನ್ನೂ ಹೆಚ್ಚಿಸಿದ್ದರು. ಅದರಿಂದ ನಿಂತ ಗಾಡಿಯ ಸುತ್ತು ಏರಿ ನಡುಕ ಮರೆಯಾಯಿತು. ಭಾರ ಹೊತ್ತು ಏರು ಹತ್ತುವಾಗ ಮಾತ್ರ ಕಿಡಿ ಅತಿ ಬೇಗ ಬಂದು, ಏರುತ್ತಿರುವ ಪಿಸ್ಟನ್ನಿನ ಮೇಲೆ ಒತ್ತಡ ಹೆಚ್ಚಿ, ಉಳಿದ ಮಿಶ್ರಣ ತಾನಾಗಿಯೇ ಹೊತ್ತಿಕೊಂಡು ಬಡಿಯುತ್ತಿತ್ತು. ಒಂದು ದೋಷದ ಮೇಲೆ ಇನ್ನೊಂದು ದೋಷ ಹೊದಿಸಿದಂತೆ. ಪ್ಯಾಕಿಂಗ್ ಬದಲಿಸಿದ ಮೇಲೆ ಮಿಸ್ತ್ರಿ ಡಿಸ್ಟ್ರಿಬ್ಯೂಟರನ್ನು ಹಿಂದಕ್ಕೆ ತಿರುಗಿಸಿ, ಪೆಟ್ರೋಲನ್ನೂ ಇಳಿಸಬೇಕಾಯಿತು. ಪ್ಯಾಕಿಂಗಿನ ಬೆಲೆ ನಾವು ಮೂವರು ಅಲ್ಲಿ ಕುಡಿದ ಚಹಾದ ಲೆಕ್ಕಕ್ಕಿಂತ ತುಸು ಹೆಚ್ಚಿತ್ತು, ಅಷ್ಟೇ.

ಸೋಮವಾರ ನಾನು ನೈದಾನಿಕ ಪರೀಕ್ಷೆಯ ಪತ್ರಿಕೆ ಸಿದ್ಧಪಡಿಸಲು ಕುಳಿತೆ. ಸಾಮಾನ್ಯ ನಮೂನೆ ಎಂದರೆ ಹತ್ತು ಸಮೀಕರಣ ಕೊಟ್ಟು ‘ಸರಿದೂಗಿಸಿ’ ಎನ್ನುವುದು. ಅದರಿಂದ ಮತ್ತೆ ಪಿ0302 ಸಿಗುತ್ತದೆ, ಹೊಸದೇನೂ ಸಿಗುವುದಿಲ್ಲ. ಹಾಗಾಗಿ ಒಂದು ಹೆಜ್ಜೆಗೆ ಒಂದೇ ಹೊಸ ಕೆಲಸ ಸೇರುವಂತೆ ಐದು ಮೆಟ್ಟಿಲು ಮಾಡಿದೆ. ಎಚ್₂ಓ ಎಂಬುದರಲ್ಲಿ ಹೈಡ್ರೋಜನ್ ಪರಮಾಣು ಎಷ್ಟು? 3ಎಚ್₂ಓ ಎಂದರೆ ಎಷ್ಟು? ಪೂರ್ತಿ ಬರೆದ ಈ ಸಮೀಕರಣ ಸರಿದೂಗಿದೆಯೇ, ಇಲ್ಲವೇ? ಒಂದೇ ಖಾಲಿ ಜಾಗ ತುಂಬಿ. ಕೊನೆಗೆ ಪೂರ್ತಿ ನೀವೇ ಮಾಡಿ. ಪ್ರತಿ ಮೆಟ್ಟಿಲಿನ ಪ್ರಶ್ನೆಗಳೂ ಎರಡು ರೂಪದಲ್ಲಿ, ಕಪ್ಪುಹಲಗೆಯ ಮೇಲೆ ಕೆಲವು, ಹಾಳೆಯ ಮೇಲೆ ಅಷ್ಟೇ ಕಷ್ಟದ ಇನ್ನು ಕೆಲವು. ಈ ಎರಡನೆಯದಕ್ಕೆ ಶೈಕ್ಷಣಿಕ ಕಾರಣವೇನೂ ಇರಲಿಲ್ಲ. ಪ್ಲಗ್ಗಿನ ಅದಲುಬದಲು ಕಣ್ಣಮುಂದೆ ಇತ್ತು.

ಒಂಬತ್ತು ಮಕ್ಕಳಲ್ಲಿ ನಾಲ್ವರು ಎರಡನೆಯ ಮೆಟ್ಟಿಲಲ್ಲೇ ನಿಂತರು. ಮುಂದಿನ ಅಂಕಿಗೂ ಕೆಳಗಿನ ಸಣ್ಣ ಅಂಕಿಗೂ ಅವರಿಗೆ ವ್ಯತ್ಯಾಸ ತಿಳಿದಿರಲಿಲ್ಲ. ಆಕ್ಸಿಜನ್ ಸಾಲದಿದ್ದರೆ ಎಚ್₂ಓ ಅನ್ನು ಎಚ್₂ಓ₂ ಮಾಡಿಬಿಡುತ್ತಿದ್ದರು. ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತಿತ್ತು! ಇವರಿಗೆ ಹೆಸರುಕಾಳನ್ನು ಹೈಡ್ರೋಜನ್, ಕಡಲೆಕಾಳನ್ನು ಆಕ್ಸಿಜನ್ ಎಂದು ಮಾಡಿ, ಕಾಗದದ ಪೊಟ್ಟಣ ಕಟ್ಟಿಸಿದೆ. ನಿಯಮ ಒಂದೇ: ಎಷ್ಟು ಪೊಟ್ಟಣ ಬೇಕಾದರೂ ತನ್ನಿ, ಪೊಟ್ಟಣ ಬಿಚ್ಚುವಂತಿಲ್ಲ. ಎರಡು ಅವಧಿಯಲ್ಲಿ ಮೂವರು ಹೊರಬಂದರು, ನಾಲ್ಕನೆಯವನಿಗೆ ಇನ್ನೆರಡು ಬೇಕಾದವು. ಮತ್ತಿಬ್ಬರಿಗೆ ರಸಾಯನಶಾಸ್ತ್ರದ ತೊಂದರೆಯೇ ಇರಲಿಲ್ಲ, ಮಗ್ಗಿಯಲ್ಲಿ ತೊಡಕು. ಅವರನ್ನು ಗಣಿತದ ಪ್ರಶಿಕ್ಷಣಾರ್ಥಿ ಗೆಳತಿಗೆ ಒಪ್ಪಿಸಿದೆ.

ಏಳನೆಯ ಹೆಸರಿನ ಹುಡುಗಿ ಹಿಂದಿನ ಬೆಂಚಿನವಳು, ಹತ್ತಿರದ ಹಳ್ಳಿಯಿಂದ ಬಸ್ಸಿಗೆ ಬರುವವಳು. ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆ ಎಂಬ ದೂರು ಅವಳ ಮೇಲಿತ್ತು. “ಸೈನ್ಸ್ ನನ್ನ ತಲೀಗೆ ಹತ್ತಂಗಿಲ್ರಿ ಸರ್. ಪಿಯುಸಿಗೆ ಬ್ಯಾರೆ ತಗೋತೀನಿ, ಮನ್ಯಾಗೂ ಹಂಗ ಅಂದಾರ,” ಎಂದು ಪರೀಕ್ಷೆಗೆ ಮೊದಲೇ ಹೇಳಿ ಕುಳಿತವಳು. ಹಾಳೆಯ ಪ್ರಶ್ನೆಗಳಲ್ಲಿ ನಾಲ್ಕು ಮೆಟ್ಟಿಲು ಪೂರ್ತಿ ಸರಿ, ಐದನೆಯದರಲ್ಲಿ ಒಂದು ಮಾತ್ರ ತಪ್ಪು. ಹಲಗೆಯ ಪ್ರಶ್ನೆಗಳಲ್ಲಿ ಮೊದಲ ಮೆಟ್ಟಿಲೇ ತಪ್ಪು. ಎರಡೂ ಉತ್ತರಪತ್ರಿಕೆ ಒಬ್ಬಳದೇ ಎಂದು ನಂಬಲು ಕೈಬರಹ ನೋಡಬೇಕಾಯಿತು. ಮರುದಿನ ಕಾರಣ ಹೇಳದೆ ಅವಳನ್ನೂ ಮುಂದಿನ ಬೆಂಚಿನ ಹುಡುಗಿಯೊಬ್ಬಳನ್ನೂ ಅದಲುಬದಲಾಗಿ ಕೂರಿಸಿ ಹಲಗೆಯ ಮೇಲೆ ಹೊಸ ಪ್ರಶ್ನೆ ಬರೆದೆ. ಎಲ್ಲವೂ ಸರಿ ಬಂದವು. ದೋಷ ಅವಳ ಜೊತೆ ಮುಂದಿನ ಬೆಂಚಿಗೆ ಬರಲಿಲ್ಲ.

ನಾನು ಅಂದು ಮಧ್ಯಾಹ್ನ ಹಲಗೆಯ ಮೇಲಿನ ಅಕ್ಷರಗಳನ್ನು ಸ್ಕೇಲಿನಿಂದ ಅಳೆದೆ. ಅಕ್ಷರ 6 ಸೆಂ.ಮೀ., ಕೆಳಗಿನ ಸಣ್ಣ ಅಂಕಿ 2 ಸೆಂ.ಮೀ. ಕೊನೆಯ ಬೆಂಚು ಹಲಗೆಯಿಂದ ಸುಮಾರು 6 ಮೀಟರ್. ಕಣ್ಣು ಪರೀಕ್ಷೆಯ ಪಟದಲ್ಲಿ 6 ಮೀಟರಿನಿಂದ ಸಾಮಾನ್ಯ ದೃಷ್ಟಿಯವರು ಓದಬೇಕಾದ ಸಾಲಿನ ಅಕ್ಷರ 9 ಮಿ.ಮೀ.ಗಿಂತ ತುಸು ಚಿಕ್ಕದು. 6/18 ದೃಷ್ಟಿಯ ಮಗುವಿಗೆ ಅದರ ಮೂರು ಪಟ್ಟು, ಅಂದರೆ 2.6 ಸೆಂ.ಮೀ. ಬೇಕು. ಅಂಥ ಮಗುವಿಗೆ ನಮ್ಮ ಹಲಗೆಯ ಮೇಲಿನ ಅಕ್ಷರಗಳೆಲ್ಲ ಕಾಣುತ್ತವೆ, ಸಣ್ಣ ಅಂಕಿ ಮಾತ್ರ ಮಸುಕು. ಕನ್ನಡದಲ್ಲಿ, ಸಮಾಜದಲ್ಲಿ ಏನೂ ತೊಂದರೆ ಕಾಣಿಸುವುದಿಲ್ಲ. ರಸಾಯನಶಾಸ್ತ್ರದ ಸೂತ್ರಕ್ಕೆ ಬಂದಾಗ ಪಕ್ಕದವಳ ಪುಸ್ತಕ ನೋಡದೆ ಗತಿಯಿಲ್ಲ.

ಮಾರ್ಗದರ್ಶಿ ಶಿಕ್ಷಕರು ಅವಳ ತಂದೆಯನ್ನು ಕರೆಸಿ ಮಾತಾಡಿದರು. ಸವದತ್ತಿಯ ತಾಲ್ಲೂಕು ಆಸ್ಪತ್ರೆಯ ಚೀಟಿಯಲ್ಲಿ ಎರಡೂ ಕಣ್ಣಿಗೆ 6/18 ಎಂದೇ ಇತ್ತು. ಕನ್ನಡಕ ಬಂದದ್ದು ಎರಡು ವಾರದ ಮೇಲೆ. ತರಗತಿಯಲ್ಲಿ ಹಾಕಿಕೊಳ್ಳುತ್ತಾಳೆ, ಬಸ್ಸಿಗೆ ಹೋಗುವಾಗ ತೆಗೆದು ಕಂಪಾಸಿನೊಳಗೆ ಇಡುತ್ತಾಳೆ. ಪಿಯುಸಿಗೆ ಏನು ತೆಗೆದುಕೊಳ್ಳುತ್ತೀ ಎಂದು ನಾನು ಮತ್ತೆ ಕೇಳಲಿಲ್ಲ. ಕೇಳಿದರೆ ನನ್ನ ಸಂತೋಷಕ್ಕೆ ಏನಾದರೂ ಹೇಳಿಬಿಡುತ್ತಾಳೆ ಎನಿಸಿತು. ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕಾರಣದ ಕಾಲಮ್ಮಿನಲ್ಲಿ ‘ದೃಷ್ಟಿದೋಷ, ಹಲಗೆಯ ಅಂಕಿಯ ಗಾತ್ರ’ ಎಂದು ಬರೆದೆ. ಎರಡನೆಯ ಕಾರಣ ನಾವು ಬರೆಯುವವರ ಕೈಯಲ್ಲಿರುವಂಥದು. ಅಂದಿನಿಂದ ಸಣ್ಣ ಅಂಕಿಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ, ಅಂಗೈಯ ಅರ್ಧದಷ್ಟು ದೊಡ್ಡದಾಗಿ ಬರೆಯುತ್ತಿದ್ದೇನೆ. ಅಂದಕ್ಕೆ ಸ್ವಲ್ಪ ಕೆಟ್ಟದಾಗಿಯೇ ಕಾಣುತ್ತದೆ.

ಇನ್ನೊಂದು ವಿಷಯ. ಟೈಮಿಂಗ್ ಮುಂದೆ ತಂದು ನಡುಕ ಮುಚ್ಚಿದ್ದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಪಟ್ಟಿಯಲ್ಲಿಲ್ಲದ ಮಕ್ಕಳು ನಿಜವಾಗಿ ಸರಿಯಾಗಿದ್ದಾರೆಯೇ? ಕಬ್ಬಿಣ ಮತ್ತು ಹಬೆಯ ಸಮೀಕರಣ ಪಠ್ಯಪುಸ್ತಕದಲ್ಲೇ ಬಿಡಿಸಿ ತೋರಿಸಿದ್ದು. ಮೂರು, ನಾಲ್ಕು, ಒಂದು, ನಾಲ್ಕು ಎಂದು ಮಗ್ಗಿಯಂತೆ ಹೇಳುತ್ತಾರೆ. ಹಾಗಾಗಿ ಅವರು ಎಂದೂ ನೋಡಿರದ ಪೆಂಟೇನ್ ದಹನವನ್ನು ಇಡೀ ತರಗತಿಗೆ ಕೊಟ್ಟೆ. ಐದು ಕಾರ್ಬನ್, ಹನ್ನೆರಡು ಹೈಡ್ರೋಜನ್; ಎಂಟು ಅಣು ಆಕ್ಸಿಜನ್ ಬೇಕು, ಐದು ಅಣು ಕಾರ್ಬನ್ ಡೈಆಕ್ಸೈಡ್, ಆರು ಅಣು ನೀರು ಬರುತ್ತದೆ. ಕಬ್ಬಿಣದ ಸಮೀಕರಣಕ್ಕೆ ಪೂರ್ಣ ಅಂಕ ಪಡೆದಿದ್ದ ಹನ್ನೊಂದು ಮಂದಿ ಇಲ್ಲಿ ನಿಂತುಬಿಟ್ಟರು. ಅವರ ಬಾಯಿಪಾಠ ಸಮತಟ್ಟಿನಲ್ಲಿ ಸದ್ದಿಲ್ಲದೆ ಓಡುತ್ತಿತ್ತು, ಏರು ಬಂದಾಗ ಬಡಿಯಿತು.

“ಪಟ್ಟಿ ಸಣ್ಣದು ಮಾಡ್ರಿ ಅಂತ ಕೊಟ್ರ ದೊಡ್ಡದು ಮಾಡಿ ತಂದ್ರೆಲ್ಲೋ!” ಎಂದು ಮಾರ್ಗದರ್ಶಿ ಶಿಕ್ಷಕರು ನಕ್ಕರು. ನಕ್ಕರೂ ಸಂಜೆಯ ವಿಶೇಷ ತರಗತಿಗೆ ಆ ಹನ್ನೊಂದು ಮಂದಿಯನ್ನೂ ಸೇರಿಸಿಕೊಂಡರು.

ಮಿಸ್ತ್ರಿ ಕೊಟ್ಟ ಕಪ್ಪು ಮತ್ತು ಬಿಳಿಚಿದ ಹಳೆಯ ಪ್ಲಗ್ಗುಗಳನ್ನು ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಪಾಠಕ್ಕೆ ಬೋಧನೋಪಕರಣವಾಗಿ ಒಯ್ದಿದ್ದೆ. ಗಾಳಿಯ ರಂಧ್ರ ಕಟ್ಟಿದ ಒಲೆ ಪಾತ್ರೆಯ ತಳ ಕಪ್ಪು ಮಾಡುತ್ತದೆ ಎಂಬ ಮಾತು ಅದೇ ಪಾಠದಲ್ಲಿದೆ. ಅದನ್ನು ಓದಿಸುವ ಮೊದಲೇ ಪ್ಲಗ್ಗುಗಳನ್ನು ಕೈಯಿಂದ ಕೈಗೆ ದಾಟಿಸಿ, ಯಾವುದಕ್ಕೆ ಗಾಳಿ ಸಾಲದಾಗಿತ್ತು ಎಂದು ಕೇಳಿದೆ. ಕಪ್ಪಗಿನದು ಎಂದು ಎಲ್ಲರೂ ಹೇಳಿದರು. ಯಾಕೆ ಎಂದಾಗ “ಅವ್ವನ ಸ್ಟೋ ಹಂಗ” ಎಂದವನು ಪೊಟ್ಟಣ ಕಟ್ಟಲು ನಾಲ್ಕು ಅವಧಿ ತೆಗೆದುಕೊಂಡಿದ್ದ ಹುಡುಗ. ನನ್ನ ಪಾಠ ವೀಕ್ಷಿಸಿದ ಉಪನ್ಯಾಸಕರು ‘ಉಪಕರಣ ಸೂಕ್ತ, ಮಕ್ಕಳ ಕೈ ಕಪ್ಪಾಯಿತು’ ಎಂದು ಬರೆದಿದ್ದಾರೆ.

ಎಂಟು ಮತ್ತು ಒಂಬತ್ತನೆಯ ಹೆಸರುಗಳು ಉಳಿದವು. ಇಬ್ಬರೂ ನಾನು ಪಕ್ಕದಲ್ಲಿ ನಿಂತು ಮೆಟ್ಟಿಲು ಮೆಟ್ಟಿಲಾಗಿ ಕೇಳಿದರೆ ಎಲ್ಲವನ್ನೂ ಸರಿ ಹೇಳುತ್ತಾರೆ. ಒಬ್ಬರೇ ಬರೆಯಲು ಕೂತರೆ ಕೆಲವು ದಿನ ಸರಿ, ಕೆಲವು ದಿನ ಹಾಳೆ ಖಾಲಿ. ಬಿಟ್ಟು ಬಿಟ್ಟು ಬರುವ ಮಿಸ್ಸಿಂಗ್ ಎಲ್ಲಕ್ಕಿಂತ ಕಷ್ಟ, ಗ್ಯಾರೇಜಿಗೆ ತಂದಾಗ ಅದು ಬರುವುದೇ ಇಲ್ಲ ಎಂದು ಮಿಸ್ತ್ರಿ ಹೇಳಿದ್ದರು. ಇವರ ಕಾರಣದ ಕಾಲಮ್ಮನ್ನು ನಾನು ಖಾಲಿ ಬಿಟ್ಟಿದ್ದೇನೆ. ಯಾವ ದಿನ, ಯಾವ ಅವಧಿ, ಹಿಂದಿನ ಅವಧಿ ಯಾವುದು, ಪಕ್ಕದಲ್ಲಿ ಯಾರಿದ್ದರು, ಉತ್ತರ ಬಂತೇ ಇಲ್ಲವೇ ಎಂದು ಮೂರು ವಾರ ಬರೆದಿಟ್ಟ ಎರಡು ಹಾಳೆಗಳನ್ನು ಮಾರ್ಗದರ್ಶಿ ಶಿಕ್ಷಕರಿಗೆ ಕೊಟ್ಟು ಬಂದೆ. ಅದರ ಕೆಳಗಿನ ಖಾಲಿ ಸಾಲುಗಳನ್ನು ಅವರು ತುಂಬುತ್ತಿದ್ದಾರೆ.